ಮಂಗಳವಾರದ ಡಾಕ್ಟರು, ಅರಳಿಕಟ್ಟೆಯ ಹಿರಿಯರು

ಕೊರಟಗೆರೆ ಕಡೆಯ ನಮ್ಮ ಸೋದರತ್ತೆಗೆ ಎರಡು ವರ್ಷ ಸರಿಯಾಗಿ ನಿದ್ದೆ ಇರಲಿಲ್ಲ. ಎದೆ ಢವಢವ, ಕೈಕಾಲು ಸೆಳೆತ, ಊಟ ಸೇರದು. ಮೊದಲು ಊರಿನ ಆರ್‌ಎಂಪಿ ಹತ್ತಿರ ಗ್ಲೂಕೋಸ್ ಹಾಕಿಸಿದರು. ಆಮೇಲೆ ತುಮಕೂರಿಗೆ ಬಂದು ಇಸಿಜಿ, ಸ್ಕ್ಯಾನಿಂಗ್, ಥೈರಾಯ್ಡ್ ಎಲ್ಲ ಮಾಡಿಸಿದರು. ಎಲ್ಲ ನಾರ್ಮಲ್. ಒಂದು ಖಾಸಗಿ ಆಸ್ಪತ್ರೆಯವರು "ಏನೂ ಇಲ್ಲ, ಗ್ಯಾಸು" ಎಂದು ಮಾತ್ರೆ ಬರೆದು ಕಳಿಸಿದರು. ಶಾಸ್ತ್ರ ಕೇಳಿಸಿದ್ದಾಯಿತು, ತಾಯತ ಕಟ್ಟಿಸಿದ್ದಾಯಿತು. ಈ ಮಧ್ಯೆ ಮನೆಯಲ್ಲಿ ಮಾವನ ಕುಡಿತ ಏರಿತ್ತು. ಮಗ ಸೊಸೆ ಬೇರೆ ಒಲೆ ಹೂಡಿದ್ದರು. ಎರಡು ಬೋರ್ ಫೇಲ್ ಆಗಿ ತಲೆ ಮೇಲೆ ಸಾಲ ಕೂತಿತ್ತು. ಇದನ್ನು ಯಾವ ಡಾಕ್ಟರೂ ಕೇಳಲಿಲ್ಲ, ಅತ್ತೆಯೂ ಹೇಳಲಿಲ್ಲ. "ಎದೆನೋವು ಅಂತ ಹೋದೋಳು ಸೊಸೆ ಸುದ್ದಿ ಯಾಕೆ ಹೇಳ್ಲಿ ಕಣಪ್ಪ?" ಎನ್ನುವುದು ಅವರ ಪ್ರಶ್ನೆ.

ನ್ಯಾಯವಾದ ಪ್ರಶ್ನೆಯೇ. ಮನೆಯಲ್ಲಿ ಕಷ್ಟ ಬರುವುದು ಒಂದೇ ಗಂಟಾಗಿ. ಕುಡಿತ, ಸಾಲ, ಜಗಳ, ನಿದ್ದೆಗೇಡು, ಮೈಕೈ ನೋವು ಎಲ್ಲ ಒಂದರೊಳಗೊಂದು ಸುತ್ತಿಕೊಂಡಿರುತ್ತವೆ. ನೆರವು ಇರುವುದು ಮಾತ್ರ ಬಿಡಿಬಿಡಿಯಾಗಿ. ಕಾಯಿಲೆ ಎಂದರೆ ಆರೋಗ್ಯ ಇಲಾಖೆ, ಹೊಡೆತ ಎಂದರೆ ಮಹಿಳಾ ಮತ್ತು ಮಕ್ಕಳ ಇಲಾಖೆ ಇಲ್ಲವೇ ಠಾಣೆ, ಬೇರೆಯಾಗುವುದಾದರೆ ಕೋರ್ಟು, ಕುಡಿತಕ್ಕೆ ಶಿಬಿರ. ಒಂದು ಕೌಂಟರಿನಲ್ಲಿ ಕೂತವರಿಗೆ ಪಕ್ಕದ ಕೌಂಟರಿನ ವಿಷಯ ಗೊತ್ತಿರುವುದಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಎಂಬ ನಮ್ಮ ಮೂರು ಜಿಲ್ಲೆಗಳಲ್ಲಿ ಮನಸ್ಸಿನ ತೊಂದರೆಗೆ, ಮನೆಯ ಜಗಳಕ್ಕೆ ನೆರವೇ ಇಲ್ಲ ಎನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕಡಿಮೆ ಇದೆ, ನಿಜ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಮೊದಲು ಯಾವ ಬಾಗಿಲಿಗೆ ಹೋಗಬೇಕು, ಆ ಬಾಗಿಲಿನಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ಹೇಳುವವರಿಲ್ಲ.

ಒಂದು ಸರಳ ಲೆಕ್ಕ ನೋಡೋಣ. 2011ರ ಜನಗಣತಿ ಪ್ರಕಾರ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಸೇರಿ ಸುಮಾರು 55 ಲಕ್ಷ ಜನ. ಈಗ ಇನ್ನೂ ಜಾಸ್ತಿಯೇ ಇರಬೇಕು. ನಿಮ್ಹಾನ್ಸ್ 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ 10.6 ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೂ ಮಾನಸಿಕ ಕಾಯಿಲೆ ಇತ್ತು. ಕರ್ನಾಟಕ ಆ ಹನ್ನೆರಡರಲ್ಲಿ ಇರಲಿಲ್ಲ. ಆದರೂ ನಮ್ಮ ಕಡೆ ಮಾತ್ರ ಬೇರೆ ಥರ ಇದೆ ಎಂದುಕೊಳ್ಳಲು ಕಾರಣವಿಲ್ಲ. ಹತ್ತು ಮಂದಿ ದೊಡ್ಡವರಲ್ಲಿ ಒಬ್ಬರು ಎಂದಾಯಿತು. ಇನ್ನು ಡಾಕ್ಟರುಗಳು. ದೇಶದಲ್ಲಿ ಒಂದು ಲಕ್ಷ ಜನಕ್ಕೆ ಸರಾಸರಿ ಮುಕ್ಕಾಲು ಮನೋವೈದ್ಯರಿದ್ದಾರೆ, ಅಂದರೆ 0.75. ಆ ಸರಾಸರಿ ನಮಗೂ ಸಿಕ್ಕಿದ್ದರೆ ಮೂರೂ ಜಿಲ್ಲೆಗೆ ನಲವತ್ತು ಮಂದಿ ಇರಬೇಕಿತ್ತು. ಆದರೆ ಮನೋವೈದ್ಯರು ಸರಾಸರಿಯಂತೆ ಹಂಚಿಕೊಂಡು ಕೂರುವುದಿಲ್ಲ. ದೊಡ್ಡ ಊರುಗಳಲ್ಲಿ ಕೂರುತ್ತಾರೆ. ನಮ್ಮ ಪಕ್ಕದಲ್ಲೇ ಬೆಂಗಳೂರಿದೆ.

ಈ ಬೆಂಗಳೂರು ಪಕ್ಕದಲ್ಲಿರುವುದೇ ನಮಗೊಂದು ವಿಚಿತ್ರ ಪಾಡು. ಬೀದರಿನವರಿಗೆ, ಕಾರವಾರದವರಿಗೆ ನಿಮ್ಹಾನ್ಸ್ ಎಂದರೆ ರಾತ್ರಿಯಿಡೀ ಪ್ರಯಾಣ. ನಮಗೆ ತುಮಕೂರಿನಿಂದಲೋ ಕೋಲಾರದಿಂದಲೋ ಎಪ್ಪತ್ತು ಕಿಲೋಮೀಟರ್, ಚಿಕ್ಕಬಳ್ಳಾಪುರದಿಂದ ಅದಕ್ಕಿಂತ ಕಡಿಮೆ. ಹೀಗಾಗಿ ಮನಸ್ಸಿನ ತೊಂದರೆ ಎಂದರೆ ತಲೆಯಲ್ಲಿ ಬರುವುದು ಒಂದೇ ಹೆಸರು. "ನಿಮಾನ್ಸಿಗೆ ಕರ್ಕೊಂಡು ಹೋಗ್ಬೇಕು ನಿನ್ನ" ಎನ್ನುವುದು ಸ್ನೇಹಿತರ ನಡುವಿನ ತಮಾಷೆಯೂ ಹೌದು. ತಮಾಷೆ ಆದ್ದರಿಂದಲೇ ನಿಜವಾಗಿ ಹೋಗಬೇಕಾದವರು ಹೋಗುವುದಿಲ್ಲ. ಅಲ್ಲಿಗೆ ಹೋಗುವಷ್ಟು ಕೆಟ್ಟಿಲ್ಲ ಎಂದು ಒಬ್ಬರು, ಅಲ್ಲಿಗೆ ಹೋದರೆ ಮಗಳ ಮದುವೆ ಆಗಲ್ಲ ಎಂದು ಇನ್ನೊಬ್ಬರು ಸುಮ್ಮನಾಗುತ್ತಾರೆ. ಪಾವಗಡದವರ ಕಥೆಯೇ ಬೇರೆ. ಅವರಿಗೆ ಜಿಲ್ಲಾ ಕೇಂದ್ರವೇ ಸುಮಾರು ನೂರು ಕಿಲೋಮೀಟರ್ ದೂರ.

ಸೋಜಿಗ ಏನೆಂದರೆ ನಿಮ್ಹಾನ್ಸ್‌ನವರೇ ಎಷ್ಟೋ ವರ್ಷಗಳಿಂದ ನಮ್ಮ ಕಡೆ ಬರುತ್ತಿದ್ದರು. ಗೌರಿಬಿದನೂರು ಮತ್ತು ಮಧುಗಿರಿಯಲ್ಲಿ ಅವರ ಹೊರ ಕ್ಲಿನಿಕ್ ತಿಂಗಳಿಗೊಮ್ಮೆ ನಡೆದುಕೊಂಡು ಬಂದಿದೆ. ಬೆಂಗಳೂರಿನಿಂದ ತಂಡ ಬಂದು ನೋಡುವುದು, ಔಷಧ ಕೊಡುವುದು. ತುರುವೇಕೆರೆ ತಾಲ್ಲೂಕಿನಲ್ಲಿ ಇನ್ನೊಂದು ಬಗೆಯ ಕೆಲಸ ಆಯಿತು. ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇದ್ದೂ ಚಿಕಿತ್ಸೆ ಸಿಗದೆ ಮನೆ ಮೂಲೆಯಲ್ಲಿ ಕೂತವರನ್ನು ಹುಡುಕಿ, ಊರಿನ ಹತ್ತಿರದಲ್ಲೇ ಔಷಧ ಕೊಟ್ಟು, ಬಿಡದಂತೆ ಬೆನ್ನುಹತ್ತಿದರು. ಇದೇ ಕೆಲಸ ತೀರ್ಥಹಳ್ಳಿಯಲ್ಲೂ ನಡೆದಿತ್ತು. ಔಷಧ ಮುಂದುವರಿಸಿದವರು ಮತ್ತೆ ಸ್ನಾನ, ಊಟ, ಹೊಲದ ಕೆಲಸಕ್ಕೆ ಮರಳಿದ್ದು ಅಲ್ಲಿ ಕಂಡ ದೊಡ್ಡ ಸಂಗತಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೂ ಕರ್ನಾಟಕದಿಂದಲೇ ಎದ್ದದ್ದು. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ಮಾಡಿತು. ಅದರ ಮಾದರಿಯಲ್ಲಿ 1996ರಲ್ಲಿ ಕೇಂದ್ರ ಸರ್ಕಾರ ಕಾರ್ಯಕ್ರಮ ಶುರು ಮಾಡಿತು. ಈಗ ರಾಜ್ಯದ ಎಲ್ಲ ಜಿಲ್ಲೆಗಳಲ್ಲೂ ಅದು ಇದೆ. ಜಿಲ್ಲಾಸ್ಪತ್ರೆಯಲ್ಲಿ ಒಂದು ತಂಡ: ಮನೋವೈದ್ಯರು, ಮನಃಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸ್.

ತಾಲ್ಲೂಕಿನವರಿಗೆ ಜಾಸ್ತಿ ಉಪಯೋಗಕ್ಕೆ ಬರುವುದು ಮನೋಚೈತನ್ಯ. 2014ರಲ್ಲಿ ರಾಜ್ಯ ಸರ್ಕಾರ ತಂದದ್ದು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬಂದು ಕೂರುವ ಏರ್ಪಾಡು. ಸರ್ಕಾರಿ ಕಾಗದದಲ್ಲಿ ಇದನ್ನು 'ಸೂಪರ್ ಟ್ಯೂಸ್‌ಡೇ' ಎಂದೂ ಕರೆದಿದ್ದಾರೆ. ಊರಲ್ಲಿ ಯಾರಿಗೂ ಆ ಹೆಸರು ಗೊತ್ತಿಲ್ಲ. ಔಷಧ ಪುಕ್ಕಟೆ. ದೂರ ಒಂದು ಬಸ್ಸಿನಷ್ಟು. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎನ್ನುವುದನ್ನು ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿಕೊಂಡೇ ಹೋಗಬೇಕು. ಒಂದು ದಿನದ ಕೂಲಿ ಬಿಟ್ಟು ಹೋದವರಿಗೆ ಡಾಕ್ಟರು ಸಿಗದಿದ್ದರೆ ಎರಡನೇ ಸಲ ಅವರು ಆ ಕಡೆ ತಲೆ ಹಾಕುವುದಿಲ್ಲ. ನಮ್ಮ ಅತ್ತೆಗೆ ಹಾಗೇ ಆಗಿತ್ತು. ಎರಡನೇ ಸಲ ಕರೆದುಕೊಂಡು ಹೋಗಲು ನನಗೆ ನಾಲ್ಕು ತಿಂಗಳು ಬೇಕಾಯಿತು.

ಔಷಧದ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಖಿನ್ನತೆಗೆ ಕೊಡುವ ಮಾತ್ರೆ ಜ್ವರದ ಮಾತ್ರೆಯಂತೆ ಸಂಜೆಗೇ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರದಲ್ಲಿ ಕಾಣುವುದು ಬಾಯಿ ಒಣಗುವುದು, ಹೊಟ್ಟೆ ತೊಳೆಸುವುದು, ಮಂಪರು. ಎಷ್ಟೋ ಜನ ಐದನೇ ದಿನಕ್ಕೇ "ಈ ಮಾತ್ರೆ ಆಗಿಬರಲ್ಲ" ಎಂದು ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಎರಡು ತಿಂಗಳಿಗೆ ಹುಷಾರಾಯಿತು ಎಂದು ತಾವೇ ನಿಲ್ಲಿಸುತ್ತಾರೆ. ಎರಡೂ ತಪ್ಪು. ನಿಲ್ಲಿಸುವುದನ್ನೂ ಡಾಕ್ಟರನ್ನು ಕೇಳಿ ನಿಧಾನಕ್ಕೆ ಮಾಡಬೇಕು. ಅಭ್ಯಾಸವಾಗಿ ಹಿಡಿದುಕೊಳ್ಳುವ ಭಯ ನಿದ್ದೆ ಮಾತ್ರೆಗಳ ವಿಷಯದಲ್ಲಿ ನಿಜ. ತಮಾಷೆ ನೋಡಿ, ಹಳೇ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ವರ್ಷಗಟ್ಟಲೆ ಜನ ತೆಗೆದುಕೊಳ್ಳುವುದು ಅದನ್ನೇ.

ಹಿರಿಯರ ಪಂಚಾಯ್ತಿ

ಆಸ್ಪತ್ರೆ, ಕೋರ್ಟು ಎಲ್ಲಕ್ಕಿಂತ ಮೊದಲು ನಮ್ಮ ಕಡೆ ಒಂದು ಮನೆಯ ಜಗಳ ಹೋಗುವುದು ಹಿರಿಯರ ಮುಂದೆ. ಹಳ್ಳಿಯಲ್ಲಾದರೆ ಅರಳಿಕಟ್ಟೆ, ಟೌನಿನಲ್ಲಾದರೆ ಯಾರದೋ ಮನೆಯ ಹಜಾರ. ಎರಡೂ ಕಡೆಯ ಸೋದರಮಾವಂದಿರು, ಊರ ಯಜಮಾನರು, ಈಚೆಗೆ ಗ್ರಾಮ ಪಂಚಾಯ್ತಿ ಸದಸ್ಯರೂ ಇರುತ್ತಾರೆ. ಇದನ್ನು ಹೀಗಳೆಯುವುದು ಸುಲಭ. ಪಟ್ಟಣದಲ್ಲಿ ಓದಿದವರು ಹೀಗಳೆಯುತ್ತಾರೆ ಕೂಡ. ಆದರೆ ಪುಕ್ಕಟೆಯಾಗಿ, ಕತ್ತಲಾದ ಮೇಲೂ, ಮನೆಮಾತಿನಲ್ಲೇ, ಇಬ್ಬರ ಹಿಂದಿನ ಕಥೆಯೂ ಗೊತ್ತಿದ್ದು ಮಾತಾಡಿಸುವವರು ಬೇರೆ ಯಾರಿದ್ದಾರೆ? ಜಮೀನಿನ ಪಾಲು, ಸೊಸೆಗೆ ಬೇರೆ ಒಲೆ, ಬಾಣಂತನ ಯಾರ ಮನೆಯಲ್ಲಿ, ಸಾಲ ಯಾರು ತೀರಿಸಬೇಕು ಎನ್ನುವ ವಿಷಯಗಳಲ್ಲಿ ಹಿರಿಯರು ಎಷ್ಟೋ ಮನೆ ಉಳಿಸಿದ್ದಾರೆ. ನಾನೇ ನೋಡಿದ್ದೇನೆ.

ತೊಡಕು ಇರುವುದು ಅವರ ಕೈಯಲ್ಲಿ ಒಂದೇ ಹತಾರ ಇರುವುದರಲ್ಲಿ. ಅದು ರಾಜಿ. ಏನೇ ಬಂದರೂ ರಾಜಿ ಮಾಡಿಸಿ ಎಬ್ಬಿಸುತ್ತಾರೆ. "ಹೆಂಗೋ ಅಡ್ಜಸ್ಟ್ ಮಾಡ್ಕೊಂಡು ಹೋಗಮ್ಮ" ಎನ್ನುವ ಮಾತು ಎರಡು ಕಡೆ ಸೋಲುತ್ತದೆ. ಒಂದು, ಹೊಡೆತ ಇರುವ ಮನೆಯಲ್ಲಿ. ಅಲ್ಲಿ ರಾಜಿ ಆದ ರಾತ್ರಿಯೇ ಹೆಚ್ಚು ಅಪಾಯ ಇರಬಹುದು, ಯಾಕೆಂದರೆ ಆಕೆ ಮನೆ ಮಾತನ್ನು ಹತ್ತು ಜನರ ಮುಂದೆ ಆಡಿರುತ್ತಾಳೆ. ಎರಡು, ಕಾಯಿಲೆ ಇರುವ ಮನೆಯಲ್ಲಿ. ಹಾಸಿಗೆ ಬಿಟ್ಟು ಏಳದ ಸೊಸೆ ಸೋಮಾರಿಯೋ, ಹೆರಿಗೆಯಾದ ಮೇಲೆ ಬಂದ ಖಿನ್ನತೆಯಲ್ಲಿದ್ದಾಳೋ ಎಂದು ಕಟ್ಟೆ ಮೇಲೆ ಕೂತು ಹೇಳಲು ಬರುವುದಿಲ್ಲ. ಸುಮ್ಮಸುಮ್ಮನೆ ಹೆಂಡತಿಯನ್ನು ಅನುಮಾನಿಸುವ ಗಂಡನ ಅನುಮಾನ ಬರೀ ಸ್ವಭಾವವೋ, ಕುಡಿತದಿಂದ ಬಂದದ್ದೋ, ಬೇರೆ ಕಾಯಿಲೆಯ ಲಕ್ಷಣವೋ ಎನ್ನುವುದೂ ಹಾಗೇ.

ಇದೇ ಕಟ್ಟೆಯಲ್ಲಿ ಹುಟ್ಟುವ ಇನ್ನೊಂದು ಸಲಹೆ ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುತ್ತದೆ: "ಒಂದು ಮದುವೆ ಮಾಡಿ, ಸರಿಹೋಗ್ತಾನೆ." ಹುಡುಗ ಒಬ್ಬನೇ ಮಾತಾಡಿಕೊಳ್ಳುತ್ತಾನೆ, ಕೆಲಸಕ್ಕೆ ಹೋಗುವುದಿಲ್ಲ, ರಾತ್ರಿಯೆಲ್ಲ ಎದ್ದಿರುತ್ತಾನೆ. ಇಪ್ಪತ್ತರ ಆಸುಪಾಸಿನಲ್ಲಿ ಶುರುವಾಗುವ ಕಾಯಿಲೆ ಇದು ಎಂದು ಡಾಕ್ಟರು ಹೇಳಿರುತ್ತಾರೆ. ಆ ಚೀಟಿಯನ್ನು ಟ್ರಂಕಿನಲ್ಲಿ ಬಚ್ಚಿಟ್ಟು ದೂರದ ಊರಿನಿಂದ, ಬಡವರ ಮನೆಯಿಂದ ಹೆಣ್ಣು ತರುತ್ತಾರೆ. ಮದುವೆ ಗಲಾಟೆಯಲ್ಲಿ ಮಾತ್ರೆ ತಪ್ಪುತ್ತದೆ. ನಿದ್ದೆಯೂ ಕೆಡುತ್ತದೆ. ಹೊಸ ಜವಾಬ್ದಾರಿಯ ಭಾರ ಬೇರೆ. ಮೂರು ತಿಂಗಳಲ್ಲಿ ಕಾಯಿಲೆ ಮರುಕಳಿಸುತ್ತದೆ, ಆಗ "ಸೊಸೆ ಕಾಲ್ಗುಣ" ಎನ್ನುತ್ತಾರೆ. ಆ ಹುಡುಗಿಗೆ ಗಂಡನ ಕಾಯಿಲೆಯ ಹೆಸರೂ ಗೊತ್ತಿರುವುದಿಲ್ಲ, ಮಾತ್ರೆ ಯಾವುದು ಎಂದೂ ಗೊತ್ತಿರುವುದಿಲ್ಲ. ಕಾನೂನಿನ ಲೆಕ್ಕದಲ್ಲೂ ಇದು ಹಗುರ ವಿಷಯವಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಮುಖ್ಯ ಸಂಗತಿ ಮುಚ್ಚಿಟ್ಟು ಒಪ್ಪಿಗೆ ಪಡೆದ ಮದುವೆಯನ್ನು ರದ್ದು ಮಾಡಲು ಕೇಳಬಹುದು. ಇಷ್ಟಾಗಿಯೂ ಕಾಯಿಲೆ ಇದ್ದವರು ಮದುವೆಯಾಗಲೇಬಾರದು ಎಂದು ನಾನು ಹೇಳುತ್ತಿಲ್ಲ. ಮಾತ್ರೆ ತಪ್ಪಿಸದೆ ಚೆನ್ನಾಗಿ ಸಂಸಾರ ಮಾಡುತ್ತಿರುವವರು ಬೇಕಾದಷ್ಟು ಮಂದಿ ಇದ್ದಾರೆ. ಹೇಳಿ ಮದುವೆ ಮಾಡಿದ ಮನೆಯಲ್ಲಿ ಹೆಂಡತಿಯೇ ಮಾತ್ರೆ ನೆನಪಿಸುತ್ತಾಳೆ, ವ್ಯತ್ಯಾಸ ಅಷ್ಟೇ.

ದೇವರು, ದಿಂಡರು, ದರ್ಗಾ

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ದರ್ಗಾಕ್ಕೆ ಗಾಳಿ ಸೋಕಿದವರು ಎಂದು ಕರೆದುಕೊಂಡು ಬರುವವರಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರಿದ್ದಾರೆ. ಮೈಮೇಲೆ ಬರುವುದು, ಮಾಟ ತೆಗೆಸುವುದು, ಯಂತ್ರ ಕಟ್ಟಿಸುವುದು ಮೂರೂ ಜಿಲ್ಲೆಯಲ್ಲಿ ಹಾಸುಹೊಕ್ಕು. ಇದನ್ನು ಮೂಢನಂಬಿಕೆ ಎಂದು ಬಯ್ದು ಪ್ರಯೋಜನವಿಲ್ಲ. ಮಾಟ ಆಗಿದೆ ಎಂದರೆ ತಪ್ಪು ಹೊರಗಿನವರದ್ದಾಗುತ್ತದೆ. ಮನೆಯವರೆಲ್ಲ ಸೇರಿ ಒಂದು ವಾರ ಜೊತೆಗಿರುತ್ತಾರೆ. ಹುಚ್ಚು ಎಂಬ ಹೆಸರು ಬರುವುದಿಲ್ಲ. ಆಸ್ಪತ್ರೆಯ ಎರಡು ನಿಮಿಷದ ಭೇಟಿಗಿಂತ ಇದು ಸಮಾಧಾನ ಕೊಡುತ್ತದೆ, ಅಲ್ವಾ? ಹೋಗುವವರು ಹೋಗಲಿ, ಮಾತ್ರೆ ಮಾತ್ರ ಬಿಡದಿರಲಿ. ಗುಜರಾತಿನ ಉನಾವಾ ಎಂಬಲ್ಲಿನ ದರ್ಗಾದಲ್ಲಿ ಅದನ್ನು ನೋಡಿಕೊಳ್ಳುವ ಮುಜಾವರರೂ ಮನೋವೈದ್ಯರೂ ಕೂಡಿ ಕೆಲಸ ಮಾಡಿದರು. ಹರಕೆಯೂ ನಡೆಯಿತು, ಔಷಧವೂ ನಡೆಯಿತು. ನಮ್ಮ ಜಾತ್ರೆಗಳಲ್ಲೂ ಇದು ಆಗಬಹುದಾದ ಕೆಲಸ.

ಒಂದು ಗೆರೆ ಮಾತ್ರ ದಾಟಬಾರದು. ಕಟ್ಟಿಹಾಕುವುದು. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರವಾಡಿಯಲ್ಲಿ ಶೆಡ್ಡಿಗೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿದ್ದವರು ಓಡಲಾಗದೆ 28 ಮಂದಿ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ಯಾವ ರೂಪದಲ್ಲೂ ನಿಷೇಧಿಸಿದೆ.

ಕುಡಿತದ ವಿಷಯಕ್ಕೆ ಬರೋಣ. ಇಲ್ಲಿ ಊರಿನವರಿಗೆ ಹೆಚ್ಚು ಪರಿಚಯ ಇರುವುದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು. ಕಲ್ಯಾಣಮಂಟಪದಲ್ಲಿ ವಾರದಷ್ಟು ದಿನ ಇಟ್ಟುಕೊಂಡು, ಭಜನೆ, ವ್ಯಾಯಾಮ, ಮಾತುಕತೆ, ಕೊನೆಗೆ ಮನೆಯವರನ್ನು ಕರೆಸಿ ಮಾಡುವ ಕಾರ್ಯಕ್ರಮ. ಕೆಲವರಿಗೆ ಚೆನ್ನಾಗಿ ಕೆಲಸ ಮಾಡಿದೆ. ಆದರೆ ಬೆಳಗ್ಗೆ ಎದ್ದ ತಕ್ಷಣ ಕೈ ನಡುಗುವವರು, ಹಿಂದೊಮ್ಮೆ ಕುಡಿತ ಬಿಟ್ಟಾಗ ಫಿಟ್ಸ್ ಬಂದವರು ಏಕಾಏಕಿ ಬಿಡುವುದು ಜೀವಕ್ಕೇ ಅಪಾಯ. ಅಂಥವರು ಮೊದಲು ಆಸ್ಪತ್ರೆಗೆ ಹೋಗಬೇಕು, ಆಮೇಲೆ ಶಿಬಿರ. ವ್ಯಸನಕ್ಕೆಂದೇ 14446 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ. ಕುಡುಕರ ಹೆಂಡತಿಯರಿಗೆ ಯಾವ ಶಿಬಿರವೂ ಇಲ್ಲ ಎನ್ನುವುದನ್ನು ಗಮನಿಸಿದ್ದೀರಾ? ನಮ್ಮ ಅತ್ತೆಯ ಎದೆ ಢವಢವದಲ್ಲಿ ಅರ್ಧ ಪಾಲು ಮಾವನ ಬಾಟಲಿಯದ್ದು ಎಂದು ನನ್ನ ಅಂದಾಜು.

ಹೊಡೆತ ಇದ್ದಾಗ

181ಕ್ಕೆ ಕರೆ ಮಾಡಬಹುದು. ಅದು ಮಹಿಳಾ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ. ಈ ಕ್ಷಣವೇ ಅಪಾಯ ಎಂದಾದರೆ 112. ಜಿಲ್ಲೆಗೊಂದು ಸಖಿ ಕೇಂದ್ರವಿದೆ. 2015ರಲ್ಲಿ ಶುರುವಾದ ಯೋಜನೆ. ವೈದ್ಯಕೀಯ ನೆರವು, ಕೌನ್ಸೆಲಿಂಗ್, ಪೊಲೀಸ್, ವಕೀಲರ ಸಲಹೆ, ಐದು ದಿನದವರೆಗೆ ತಂಗಲು ಜಾಗ ಒಂದೇ ಕಡೆ ಸಿಗಲಿ ಎನ್ನುವುದು ಉದ್ದೇಶ. ನಾನು ಮೊದಲು ಹೇಳಿದ ಬಿಡಿಬಿಡಿ ಕೌಂಟರುಗಳ ಸಮಸ್ಯೆಯನ್ನು ಸರ್ಕಾರವೇ ಅರಿತು ಮಾಡಿದ ಒಂದೇ ಪ್ರಯತ್ನ ಇದು ಎನ್ನಬೇಕು.

2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಅದರಡಿ ದೂರು ಕೊಟ್ಟರೆ ಗಂಡನನ್ನು ಜೈಲಿಗೆ ಹಾಕುತ್ತಾರೆ, ಡೈವೋರ್ಸ್ ಆಗುತ್ತದೆ ಎಂದು ಜನ ಹೆದರುತ್ತಾರೆ. ಅದರಲ್ಲಿ ಕೇಳುವುದು ಮುಖ್ಯವಾಗಿ ರಕ್ಷಣೆ, ಅದೇ ಮನೆಯಲ್ಲಿ ಇರುವ ಹಕ್ಕು, ಜೀವನಾಂಶ. ಗಂಡ ಆದೇಶ ಮುರಿದಾಗ ಮಾತ್ರ ಶಿಕ್ಷೆಯ ಮಾತು ಬರುತ್ತದೆ. ಹೆಂಡತಿ ಮಾತ್ರವಲ್ಲ, ತಾಯಿ, ಅಕ್ಕತಂಗಿಯರೂ ಕೇಳಬಹುದು. ಬೈಗುಳ, ಹೀಯಾಳಿಕೆ, ಕೈಗೆ ಕಾಸು ಕೊಡದೆ ಇಡುವುದು ಎಲ್ಲವೂ ಅದರಲ್ಲಿ ಬರುತ್ತದೆ. ಕರ್ನಾಟಕದಲ್ಲಿ ಇದರ ರಕ್ಷಣಾಧಿಕಾರಿ ಯಾರು ಗೊತ್ತೇ? ತಾಲ್ಲೂಕಿನ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಂಗನವಾಡಿ ಟೀಚರಿಗೆ ಅವರ ಆಫೀಸು ಗೊತ್ತು. ಠಾಣೆ ಮೆಟ್ಟಿಲು ಹತ್ತಲು ಹೆದರುವ ಹೆಣ್ಣುಮಗಳು ಅಂಗನವಾಡಿ ಟೀಚರನ್ನು ಕೇಳಬಹುದು ಎನ್ನುವುದು ಸಣ್ಣ ವಿಷಯವಲ್ಲ. ಅರ್ಜಿಯನ್ನು 60 ದಿನದಲ್ಲಿ ಮುಗಿಸಲು ಕೋರ್ಟು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ನಿಜದಲ್ಲಿ ಅಷ್ಟು ಬೇಗ ಮುಗಿಯುತ್ತದೆ ಎಂದು ನಂಬಿ ಕೂರಬೇಡಿ.

ವಕೀಲರ ಫೀಸಿಗೆ ಹೆದರುವವರಿಗೆ 15100. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಅವರ ಆಫೀಸಿರುತ್ತದೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಮಾನಸಿಕ ಕಾಯಿಲೆ ಇರುವವರಿಗೆ ಆದಾಯ ಎಷ್ಟೇ ಇದ್ದರೂ ಪುಕ್ಕಟೆ ವಕೀಲರು ಸಿಗುತ್ತಾರೆ. ಕೋರ್ಟಿನ ಮಧ್ಯಸ್ಥಿಕೆ ಕೇಂದ್ರವೂ ಅರಳಿಕಟ್ಟೆಯ ಕೆಲಸವನ್ನೇ ಮಾಡುತ್ತದೆ, ಒಂದು ವ್ಯತ್ಯಾಸದೊಂದಿಗೆ. ಅಲ್ಲಿ ಕೂತವರು ನಿಮ್ಮ ಮಾವನ ಷಡ್ಡಕ ಆಗಿರುವುದಿಲ್ಲ.

ಒಂದು ಭಯ ಇಲ್ಲಿ ಕಾಯಿಲೆ ಮತ್ತು ಜಗಳ ಎರಡನ್ನೂ ಗಂಟು ಹಾಕುತ್ತದೆ. "ನಾನು ಮನಸ್ಸಿನ ಡಾಕ್ಟರ ಹತ್ತಿರ ಹೋದರೆ ನಾಳೆ ಅದನ್ನೇ ಕೋರ್ಟಲ್ಲಿ ತೋರಿಸಿ ಮಗು ಕಿತ್ಕೊಳ್ತಾರೆ" ಎಂದು ನನ್ನ ಸ್ನೇಹಿತೆಯೊಬ್ಬಳು ಚಿಕಿತ್ಸೆಗೆ ಹೋಗಲಿಲ್ಲ. ಸುಳ್ಳು ಭಯ ಎನ್ನಲಾರೆ, ಅಂಥ ವಾದಗಳನ್ನು ವಕೀಲರು ಮಾಡುತ್ತಾರೆ. ಆದರೆ 2017ರ ಕಾಯ್ದೆ ರೋಗಿಯ ಮಾಹಿತಿಯನ್ನು ಗುಟ್ಟಾಗಿಡಬೇಕು ಎಂದಿದೆ. ಗಂಡನೇ ಬಂದು ಕೇಳಿದರೂ ಸುಮ್ಮನೆ ಫೈಲು ಕೊಡುವಂತಿಲ್ಲ. ಚಿಕಿತ್ಸೆ ತೆಗೆದುಕೊಂಡ ಮಾತ್ರಕ್ಕೆ ಯಾರನ್ನೂ ಬುದ್ಧಿ ಸ್ವಾಧೀನವಿಲ್ಲದವರು ಎಂದು ಕರೆಯಲೂ ಆಗದು.

ಜೀವ ಸಾಕಾದಾಗ

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು, ಕರ್ನಾಟಕದಲ್ಲಿ 13,606. ದೇಶದ ಲೆಕ್ಕದ ಕಾರಣದ ಕಾಲಂನಲ್ಲಿ ಶೇ 31.7 'ಕೌಟುಂಬಿಕ ಸಮಸ್ಯೆ', ಶೇ 18.4 'ಕಾಯಿಲೆ'. ಈ ಕಾಲಂ ಅನ್ನು ನಾನು ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ. ಪೊಲೀಸರು ಮನೆಯವರನ್ನು ಕೇಳಿ ಒಂದು ಸಾವಿಗೆ ಒಂದು ಕಾರಣ ಬರೆಯುತ್ತಾರೆ. ನಮ್ಮ ಅತ್ತೆಯ ಥರದವರ ವಿಷಯದಲ್ಲಿ ಏನು ಬರೆಯುತ್ತಾರೆ? ಸಾಲವೇ, ಗಂಡನ ಕುಡಿತವೇ, ಹೊಟ್ಟೆನೋವೇ? ಹೆಚ್ಚಾಗಿ ಹೊಟ್ಟೆನೋವು ಎಂದೇ ಬರೆಸುತ್ತಾರೆ. ಮನೆ ಮರ್ಯಾದೆ ಉಳಿಯುತ್ತದೆ.

ಪ್ರಯತ್ನಪಟ್ಟು ಬದುಕಿದವರನ್ನು ಆಸ್ಪತ್ರೆಗೆ ತಂದಾಗ ಮನೆಯವರು ಸುಳ್ಳು ಹೇಳುವುದು ಕೇಸಿನ ಭಯದಿಂದ. ಆ ಭಯ ಈಗ ಬೇಡ. ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷೆ ಕೊಡುವಂತಿಲ್ಲ, ಚಿಕಿತ್ಸೆ ಕೊಡುವುದು ಸರ್ಕಾರದ ಹೊಣೆ ಎಂದು 2017ರ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆ ಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ 309ನೇ ಸೆಕ್ಷನ್ನೇ ಇಲ್ಲ. ಹೀಗಾಗಿ ಡಾಕ್ಟರಿಗೆ ನಿಜ ಹೇಳಿ. ಮನೆಗೆ ಕರೆತರುವ ಮೊದಲು ಮನೋವೈದ್ಯರನ್ನು ಕಾಣಿಸಿ. ಇದನ್ನು ಬಿಟ್ಟು "ಇನ್ಮೇಲೆ ಹಿಂಗ್ ಮಾಡಲ್ಲ ಅಂತ ದೇವರ ಮೇಲೆ ಆಣೆ ಮಾಡು" ಎಂದು ಮುಗಿಸುವ ಮನೆಗಳೇ ಜಾಸ್ತಿ.

ಬದುಕು ಸಾಕಾಗಿದೆ ಎಂದು ಯಾರಾದರೂ ಹೇಳಿದರೆ ನೇರವಾಗಿ ಕೇಳಿ, "ಸಾಯಬೇಕು ಅನ್ನಿಸ್ತಿದೆಯಾ?" ಎಂದು. ಕೇಳಿದರೆ ತಲೆಗೆ ಆ ಯೋಚನೆ ಹಾಕಿದಂತೆ ಎಂಬ ನಂಬಿಕೆ ತಪ್ಪು. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ. 14416ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೊರಡಿ.

ಈ 14416 ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾಯಿತು, ದುಡ್ಡಿಲ್ಲ, 24 ಗಂಟೆಯೂ ಇರುತ್ತದೆ. ಕರೆ ಮಾಡಿದಾಗ ಭಾಷೆ ಆರಿಸಿಕೊಳ್ಳಲು ಹೇಳುತ್ತದೆ. ಮೊದಲು ತರಬೇತಿ ಪಡೆದ ಕೌನ್ಸೆಲರ್ ಮಾತಾಡುತ್ತಾರೆ. ಬೇಕಾದರೆ ಮನೋವೈದ್ಯರಿಗೆ ದಾಟಿಸುತ್ತಾರೆ, ಇಲ್ಲವೇ ನಿಮ್ಮ ಜಿಲ್ಲೆಯ ತಂಡದ ಕಡೆ ಕಳಿಸುತ್ತಾರೆ. ಬಾಗೇಪಲ್ಲಿ, ಮುಳಬಾಗಿಲು, ಪಾವಗಡದ ಎಷ್ಟೋ ಮನೆಗಳಲ್ಲಿ ತೆಲುಗು ಮಾತು. ಕೆಜಿಎಫ್‌ನಲ್ಲಿ ತಮಿಳು. ಸಂಕಟವನ್ನು ಸ್ಕೂಲಿನಲ್ಲಿ ಕಲಿತ ಭಾಷೆಯಲ್ಲಿ ಹೇಳಲು ಆಗುವುದಿಲ್ಲ, ಮನೆಮಾತೇ ಬೇಕು. ಆ ಮಟ್ಟಿಗೆ ಈ ಫೋನು ತಾಲ್ಲೂಕು ಆಸ್ಪತ್ರೆಗಿಂತ ಮುಂದಿದೆ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಕಾಲೋನಿಗಳಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಬರುವವರಿಗೆ ಮಂಗಳವಾರದ ಡಾಕ್ಟರು ಸಿಗುವುದಿಲ್ಲ. ನರಸಾಪುರ, ವೇಮಗಲ್, ವಸಂತನರಸಾಪುರದ ಫ್ಯಾಕ್ಟರಿಗಳ ಶಿಫ್ಟಿನವರಿಗೂ ಅಷ್ಟೇ. ರಾತ್ರಿ ಹನ್ನೊಂದಕ್ಕೆ ಫೋನು ಸಿಗುತ್ತದೆ. ಕಷ್ಟ ಎಂದರೆ ಒಂದೇ ಕೋಣೆಯ ಮನೆಯಲ್ಲಿ ಗಂಡನ ಬಗ್ಗೆ ಗಂಡನ ಪಕ್ಕದಲ್ಲೇ ಕೂತು ಮಾತಾಡುವುದು ಹೇಗೆ? ಮನೆಗೆ ಒಂದೇ ಮೊಬೈಲು, ಅದೂ ಅವನ ಜೇಬಿನಲ್ಲಿ. ಇದಕ್ಕೆ ಯಾವ ಸಹಾಯವಾಣಿಯ ಬಳಿಯೂ ಉತ್ತರ ಇಲ್ಲ. ಹೊಲದಿಂದ, ಮಹಡಿ ಮೇಲಿಂದ, ತವರಿಗೆ ಹೋದಾಗ ಮಾಡುತ್ತಾರೆ.

ದುಡ್ಡು ಕೊಟ್ಟು ಖಾಸಗಿಯಾಗಿ ಕೌನ್ಸೆಲಿಂಗ್‌ಗೆ ಹೋಗುವವರು ಒಂದು ವಿಷಯ ನೋಡಿಕೊಳ್ಳಬೇಕು. ಮಾತ್ರೆ ಬರೆಯುವವರು ಎಂಬಿಬಿಎಸ್ ಆದ ಮೇಲೆ ಮನೋವೈದ್ಯಶಾಸ್ತ್ರ ಓದಿದವರಾಗಿರಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಿದವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ನಂಬರ್ ಇರಬೇಕು, ಕೇಳಿದರೆ ತಪ್ಪಲ್ಲ. ಬರೀ 'ಕೌನ್ಸೆಲರ್' ಎಂಬ ಬೋರ್ಡಿನ ಹಿಂದೆ ಎರಡು ವರ್ಷ ಎಂಎಸ್‌ಡಬ್ಲ್ಯು (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) ಓದಿದವರೂ ಇರಬಹುದು, ಎರಡು ದಿನದ ಆನ್‌ಲೈನ್ ಕೋರ್ಸು ಮಾಡಿದವರೂ ಇರಬಹುದು. ಮೊದಲ ದಿನವೇ "ಗ್ಯಾರಂಟಿ ಸರಿ ಮಾಡ್ತೀನಿ" ಎಂದವರಿಂದ ಎದ್ದು ಬನ್ನಿ.

ಅತ್ತೆಯ ವಿಷಯಕ್ಕೆ ಮರಳುತ್ತೇನೆ. ಆ ಎರಡನೇ ಮಂಗಳವಾರ ಡಾಕ್ಟರು ಸಿಕ್ಕರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎದೆನೋವಿನ ಕಥೆ ಕೇಳಿದ ಮೇಲೆ, "ಮನೇಲಿ ಯಾರ್ಯಾರು ಇದ್ದೀರಮ್ಮ?" ಎಂದರು. ಎರಡು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಡಾಕ್ಟರು ಅವರು. ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡರು. ಹಿಂದೆ ಕ್ಯೂನಲ್ಲಿ ಜನ ಇದ್ದರು, ಹತ್ತು ನಿಮಿಷಕ್ಕಿಂತ ಜಾಸ್ತಿ ಸಿಗಲಿಲ್ಲ. ಮಾತ್ರೆ ಶುರುವಾಯಿತು. ಮೂರನೇ ವಾರಕ್ಕೆ ನಿದ್ದೆ ಬಂತು. ಮಾವ ಇನ್ನೂ ಕುಡಿಯುತ್ತಾರೆ, ಮೊದಲಿಗಿಂತ ಕಡಿಮೆ ಎಂದು ಅತ್ತೆ ಹೇಳುತ್ತಾರೆ. ನನಗೆ ನಂಬಿಕೆ ಇಲ್ಲ. ಸೊಸೆ ಹಬ್ಬಕ್ಕೆ ಬಂದು ಹೋಗಿದ್ದಾಳೆ. ಬೋರಿನ ಸಾಲ ಹಾಗೇ ಇದೆ.

ತಿಂಗಳಿಗೊಮ್ಮೆ ಅತ್ತೆ ಒಬ್ಬರೇ ಬಸ್ಸು ಹತ್ತಿ ಮಾತ್ರೆ ತರುತ್ತಾರೆ. ಬಸ್‌ಸ್ಟಾಪಿನಲ್ಲಿ ಯಾರಾದರೂ "ಎಲ್ಲಿಗಕ್ಕ?" ಎಂದು ಕೇಳಿದರೆ ಬಿಪಿ ಮಾತ್ರೆಗೆ ಎನ್ನುತ್ತಾರೆ. ಹೋದ ತಿಂಗಳು ಪಕ್ಕದ ಬೀದಿಯ ಹೆಂಗಸೊಬ್ಬಳು ಅದೇ ಬಸ್ಸಿನಲ್ಲಿದ್ದಳಂತೆ. ಅವಳೂ ಬಿಪಿ ಮಾತ್ರೆಗೇ ಹೊರಟಿದ್ದಳು. ಇಬ್ಬರೂ ಅದೇ ರೂಮಿನ ಮುಂದೆ ಬೆಂಚಿನ ಮೇಲೆ ಕೂತರು. "ಆಮೇಲೆ?" ಎಂದು ಕೇಳಿದೆ. "ಆಮೇಲೇನು, ಎಲೆ ಅಡಿಕೆ ಹಾಕ್ಕೊಂಡ್ವಿ" ಎಂದರು ಅತ್ತೆ.